ಸಾಮಾನಿಗೆ ಬೀಗ, ಯಾತ್ರಿಕರಿಗೆ ಬಿಡುವು

ಹರಿದ್ವಾರಕ್ಕೆ ಹೊರಟ ನಮ್ಮ ಊರಿನ ಹಿರಿಯರು ದೆಹಲಿಯಲ್ಲಿ ಗಾಡಿ ಬದಲಿಸುವಾಗ ದಿನವಿಡೀ ಗಂಟುಮೂಟೆ ಕಾಯುತ್ತ ಕೂರುವುದನ್ನು ನಾವು ಕಾಣುತ್ತೇವೆ. ಒಬ್ಬರು ಕಾಫಿಗೆ ಎದ್ದರೆ ಇನ್ನೊಬ್ಬರು ಕಾವಲು! ಜನ್ಮಕ್ಕೊಮ್ಮೆ ಬಂದವರು ಕೆಂಪುಕೋಟೆಯನ್ನೂ ನೋಡದೆ ಹೋಗುತ್ತಾರೆ.

ಕರ್ನಾಟಕ ಎಕ್ಸ್‌ಪ್ರೆಸ್ಸು ಬಂದು ನಿಲ್ಲುವುದು ನವದೆಹಲಿಯಲ್ಲಿ. ಮುಂದಿನ ಗಾಡಿ ಹಳೆಯ ದೆಹಲಿಯಿಂದಲೋ ನಿಜಾಮುದ್ದೀನಿನಿಂದಲೋ ಹೊರಡಬಹುದು. ಅದನ್ನು ಮೊದಲು ವಿಚಾರಿಸಿ, ಹೊರಡುವ ನಿಲ್ದಾಣದ ಕ್ಲೋಕ್‌ರೂಮಿನಲ್ಲೇ ಟಿಕೆಟು ತೋರಿಸಿ ಸಾಮಾನು ಇಡಬೇಕು. ಬೀಗವಿಲ್ಲದ ಚೀಲವನ್ನು ಅಲ್ಲಿ ಒಪ್ಪುವುದಿಲ್ಲ. ಹಣ, ಔಷಧ, ರಸೀತಿ ಕೈಯಲ್ಲೇ ಇರಲಿ.

ನವದೆಹಲಿಯಿಂದ ಮೆಟ್ರೊದಲ್ಲಿ 2ನೆಯ ನಿಲ್ದಾಣವೇ ಚಾಂದನಿ ಚೌಕ. ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ಸೋಮವಾರ ಮಾತ್ರ ಕೋಟೆಗೆ ರಜೆ. ಊರಿನವರು ಹೊರಡುವ ಮುನ್ನವೇ ಈ ನಾಲ್ಕು ಮಾತು ತಿಳಿಸೋಣ; ಮೂಟೆಗೊಂದು ಬೀಗ ಹಾಕಿಕೊಂಡೇ ಬರಲಿ.