ಹೈಪೋನಾ, ಹೈಪರಾ?

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ಫೋನ್ ಕರೆಯಿಂದ. ನಾವೆಲ್ಲ ಇರೋದು ಇಲ್ಲಿ ಇಂಗ್ಲೆಂಡಿನಲ್ಲಿ, ನಮ್ಮ ತಂಡದ ಒಬ್ಬರ ಅಪ್ಪ ಅಮ್ಮ ಇರೋದು ಹಾಸನದಲ್ಲಿ. ಅಪ್ಪನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೋತಾರೆ. ಒಂದು ದಿನ ಅಮ್ಮನ ಫೋನು: "ಅಪ್ಪಂಗೆ ಮೈಯೆಲ್ಲ ಬೆವರು ಕಣೋ, ಕೈ ನಡುಗ್ತಿದೆ. ಪಕ್ಕದ ಮನೆ ನರ್ಸ್ ಹುಡುಗಿ ಶುಗರ್ ನೋಡಿ ಹೈಪ ಏನೋ ಅಂದ್ಳು." ಈ ಕಡೆ ಕಿವಿಗೆ ಬಿದ್ದದ್ದು 'ಹೈಪರ್'. "ಹಾಗಾದ್ರೆ ಸಿಹಿ ಏನೂ ಕೊಡ್ಬೇಡಮ್ಮ" ಅಂತ ಹೇಳಿಯೂ ಆಯಿತು. ಆ ಹುಡುಗಿ ಹೇಳಿದ್ದು 'ಹೈಪೋ'. ಮೀಟರಿನಲ್ಲಿ ಇದ್ದದ್ದು 54. ಪುಣ್ಯಕ್ಕೆ ಅವಳು ನಮ್ಮ ಸಲಹೆಗೆ ಕಾಯದೆ ಸಕ್ಕರೆ ನೀರು ಕುಡಿಸಿಯಾಗಿತ್ತು.

ಎರಡೂ ಪದ ಎಚ್, ವೈ, ಪಿ ಎಂಬ ಮೂರಕ್ಷರದಿಂದಲೇ ಶುರು. ಅರ್ಥ ಮಾತ್ರ ಪೂರ್ತಿ ಉಲ್ಟಾ. ಎರಡೂ ಗ್ರೀಕ್ ಭಾಷೆಯಿಂದ ಬಂದವು: ಹೈಪರ್ ಅಂದರೆ ಮೇಲೆ, ಮಿತಿಮೀರಿ, ಹೈಪೋ ಅಂದರೆ ಕೆಳಗೆ, ಕಡಿಮೆ. ಗ್ರೀಕ್ ಮತ್ತು ಸಂಸ್ಕೃತ ಒಂದೇ ಮೂಲದ ಭಾಷೆಗಳಾದ್ದರಿಂದ ಇವುಗಳ ದಾಯಾದಿಗಳು ನಮಗೆ ಆಗಲೇ ಪರಿಚಯ. ಹೈಪರ್‌ಗೆ ಸಂಸ್ಕೃತದ ಜೋಡಿ 'ಉಪರಿ'. ಊರ ಕಡೆ ಹಳೇ ಮನೆಗಳ ಉಪ್ಪರಿಗೆ ನೆನಪಿಸಿಕೊಳ್ಳಿ, ಅದು ಮೇಲೇ ಇರೋದು. ಹೈಪೋಗೆ ಜೋಡಿ 'ಉಪ'. ಉಪಾಧ್ಯಕ್ಷರು ಕೂರೋದು ಅಧ್ಯಕ್ಷರಿಗಿಂತ ಒಂದು ಮೆಟ್ಟಿಲು ಕೆಳಗೆ. ಲ್ಯಾಟಿನ್‌ನಲ್ಲಿ ಇದೇ ಜೋಡಿ 'ಸೂಪರ್' ಮತ್ತು 'ಸಬ್' ಆಯಿತು. ಉಪ್ಪರಿಗೆ ಮತ್ತು ಉಪಾಧ್ಯಕ್ಷ, ಇಷ್ಟು ನೆನಪಿದ್ದರೆ ಸಾಕು.

ಹೈಪೋ ಕೆಲವು ಕಡೆ ಜಾಗ ಹೇಳುತ್ತೆ, ಕೆಲವು ಕಡೆ ಪ್ರಮಾಣ. ಹೈಪೋಡರ್ಮಿಕ್ ಸೂಜಿ ಚುಚ್ಚೋದು ಚರ್ಮದ ಕೆಳಗೆ. ಮೆದುಳಿನ ಹೈಪೋಥಲಾಮಸ್ ಇರೋದು ಥಲಾಮಸ್‌ನ ಕೆಳಗೆ. ಹೈಪೋಥರ್ಮಿಯಾ ಮಾತ್ರ ಪ್ರಮಾಣದ ಮಾತು: ಮೈಯೊಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯೋದು. ಇಲ್ಲಿನ ಚಳಿಗಾಲದಲ್ಲಿ ಹೀಟರ್ ಹಾಕೋಕೂ ಹಿಂದೆಮುಂದೆ ನೋಡುವ ವಯಸ್ಸಾದವರಿಗೆ ಇದು ನಿಜವಾದ ಅಪಾಯ.

ಹಾಗಂತ ಅಕ್ಷರ ಸೇರಿದ್ದೆಲ್ಲ ನೆಂಟರಲ್ಲ. ಹಿಪ್ನಾಸಿಸ್‌ನಲ್ಲೂ ಅದೇ ಎಚ್, ವೈ, ಪಿ ಇದೆ. ಆದರೆ ಅದರ ಮೂಲ ಹಿಪ್ನೋಸ್, ಅಂದರೆ ನಿದ್ದೆ. ನಮ್ಮ 'ಸ್ವಪ್ನ'ದ ಅಣ್ಣತಮ್ಮ. ಮೇಲೆ ಕೆಳಗಿನ ಗೊಡವೆ ಅದಕ್ಕಿಲ್ಲ.

ಈಗ ಎರಡು ತಪ್ಪು ತಿಳಿವಳಿಕೆ. ನಮ್ಮ ಮನೆಗಳಲ್ಲೇ ಇವನ್ನ ಸಾಕಷ್ಟು ಕೇಳಿದ್ದೀವಿ. ಒಂದು, ಹೈಪರ್‌ಟೆನ್ಶನ್. ಕನ್ನಡದಲ್ಲಿ ಟೆನ್ಶನ್ ಅಂದರೆ ಚಿಂತೆ ಆಗಿಬಿಟ್ಟಿದೆ. ಹಾಗಾಗಿ "ನಂಗ್ಯಾವ ಟೆನ್ಶನ್ನೂ ಇಲ್ಲ, ಬಿಪಿ ಮಾತ್ರೆ ಯಾಕೆ?" ಅಂತ ಮಾತ್ರೆ ಬಿಡೋರಿದ್ದಾರೆ. ಆ ಪದದಲ್ಲಿನ ಟೆನ್ಶನ್ ಮನಸ್ಸಿನದಲ್ಲ, ರಕ್ತನಾಳದ ಗೋಡೆ ಮೇಲಿನ ಒತ್ತಡದ್ದು. ಎಷ್ಟೇ ನಿಶ್ಚಿಂತೆಯಿಂದ ಇರೋರಿಗೂ ಅದು ಏರಬಹುದು.

ಇನ್ನೊಂದು ಥೈರಾಯ್ಡ್. ವರದಿಯಲ್ಲಿ ಟಿಎಸ್‌ಎಚ್ ಮುಂದೆ 'ಹೈ' ಅಂತ ಇರುತ್ತೆ, ಡಾಕ್ಟರ್ ಹೈಪೋಥೈರಾಯ್ಡ್ ಅಂತಾರೆ. ಜನಕ್ಕೆ ಅನುಮಾನ: ಜಾಸ್ತಿ ಇದ್ದರೆ ಹೈಪರ್ ಅಲ್ವಾ? ವಿಷಯ ಏನಂದ್ರೆ, ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯ ಹಾರ್ಮೋನೇ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸೋ ಆಜ್ಞೆ ಅದು. ಕೆಳಗಿನ ಕೆಲಸಗಾರ ನಿಧಾನವಾದಷ್ಟೂ ಮೇಸ್ತ್ರಿ ಗಟ್ಟಿಯಾಗಿ ಕೂಗ್ತಾನಲ್ಲ, ಹಾಗೆ ಥೈರಾಯ್ಡ್ ಸೋತಷ್ಟೂ ಟಿಎಸ್‌ಎಚ್ ಏರುತ್ತೆ. ಕೂಗು ಜೋರು, ಕೆಲಸ ಕಡಿಮೆ. ಆದ್ದರಿಂದಲೇ ಹೈಪೋ.

ಮತ್ತೆ ಸಕ್ಕರೆಗೆ ಬರೋಣ, ಗಡಿಬಿಡಿ ಹೆಚ್ಚು ಇರೋದು ಅಲ್ಲೇ. ಸಕ್ಕರೆ ಏರಿದಾಗ ಸಾಮಾನ್ಯವಾಗಿ ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು. ಇಳಿದಾಗ ಬೆವರು, ನಡುಕ, ಎದೆಬಡಿತ, ಮಾತು ತಡವರಿಸೋದು, ನಿಮಿಷಗಳಲ್ಲೇ ಹದಗೆಡಬಹುದು. ಭಾರತದ ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಹೈಪೋ. ಇಂಗ್ಲೆಂಡಿನ ಮೀಟರು ಬೇರೆ ಅಳತೆಯದು. ಊರಿನ ಅಂಕಿಯನ್ನು 18ರಿಂದ ಭಾಗಿಸಿದರೆ ಇಲ್ಲಿನ ಅಂಕಿ ಸಿಗುತ್ತೆ. ಆ ದಿನದ 54 ಇಲ್ಲಿನ ಲೆಕ್ಕದಲ್ಲಿ 3. ಇಲ್ಲಿ 4ಕ್ಕಿಂತ ಕೆಳಗೆ ಬಂದರೆ ಕೂಡಲೇ ಏನಾದರೂ ಮಾಡಿ ಅಂತಾರೆ. ಎಚ್ಚರವಿದ್ದು ನುಂಗೋ ಹಾಗಿದ್ದರೆ ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ನಾಲ್ಕು ಟೀ ಚಮಚ, ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಉಸಿರುಗಟ್ಟುತ್ತೆ. ಕರ್ನಾಟಕದಲ್ಲಾದರೆ 108ಕ್ಕೆ ಫೋನ್ ಮಾಡಿ.

ಆ ಮನೆಯಲ್ಲಿ ಈಗ ಹೈಪೋ, ಹೈಪರ್ ಎರಡೂ ಪದ ಬಳಕೆಯಲ್ಲಿಲ್ಲ. ಅಮ್ಮ ಮೀಟರಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸ್ತಾರೆ, ಜೊತೆಗೆ ಒಂದೇ ಪದ: "ಇಳಿದಿದೆ" ಅಥವಾ "ಏರಿದೆ". ಮೊನ್ನೆ ಮಾತ್ರ "ಅಪ್ಪ ಉಪ್ಪರಿಗೆ ಹತ್ತಿದ್ದಾರೆ" ಅಂತ ಬಂತು. ಹಿಂದಿನ ದಿನ ಮದುವೆ ಮನೆಯಲ್ಲಿ ಹೋಳಿಗೆ ಇತ್ತಂತೆ.