ನಿಮಗಿದು ಗೊತ್ತೆ? ನೀರಿಗೂ ಜಗ್ಗದ ಚೌಳು ನೆಲ
ಕೋಲಾರ ಸೀಮೆಯ ಕೆರೆಗಳ ಕೆಳಗಿನ ತಗ್ಗು ಗದ್ದೆಗಳಲ್ಲಿ ಬೇಸಿಗೆಗೆ ಬೆಳ್ಳಗೆ ಉಕ್ಕುವ ಚೌಳನ್ನು ಕಂಡು ಉಪ್ಪನ್ನು ದೂರುತ್ತೇವೆ. ಹಲವೆಡೆ ನಿಜವಾದ ಕಂಟಕ ಸೋಡಿಯಂ. ಹಿಂದೆ ಅಗಸರು ಬಟ್ಟೆಯ ಕೊಳೆ ತೆಗೆಯಲು ಚೌಳು ಮಣ್ಣನ್ನೇ ಬಳಸುತ್ತಿದ್ದುದು ಅದರ ಸೋಡಾ ಗುಣಕ್ಕೆ ಸಾಕ್ಷಿ. ರಸಸಾರ 8.5 ದಾಟಿದ ಇಂಥ ಮಣ್ಣು ಒದ್ದೆಯಾದೊಡನೆ ಜೇಡಿಕಣಗಳು ಚದುರಿ, ಕೆಳಗಿಳಿದು, ರಂಧ್ರಗಳನ್ನು ಮುಚ್ಚುತ್ತವೆ. ಒಣಗಿದಾಗ ಆ ಪದರ ಹಾರೆಗೂ ಜಗ್ಗದು. ಮೇಲೆ ನೀರು ನಿಂತಿದ್ದರೂ ಗೇಣುದ್ದ ಕೆಳಗೆ ಮಣ್ಣು ಒಣಗಿಯೇ ಇರುತ್ತದೆ.

ನೀರು ಕಟ್ಟಿ ತೊಳೆದರೆ ಸಾಲದೇ ಎನ್ನಬಹುದು. ಬರೀ ಉಪ್ಪಿನ ನೆಲಕ್ಕೆ ಆ ಮಾತು ಸರಿ. ಇಲ್ಲಿ ಮಾತ್ರ ಉಪ್ಪು ಕರಗಿ ಹೋದಷ್ಟೂ ಜೇಡಿ ಹೆಚ್ಚು ಚದುರಿ ನೆಲ ಇನ್ನಷ್ಟು ಬಿಗಿಯುತ್ತದೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿದ ಮೇಲಷ್ಟೇ ತೊಳೆದ ನೀರು ಬಸಿಗಾಲುವೆಗೆ ಇಳಿದೀತು. ಎಷ್ಟು ಜಿಪ್ಸಂ ಬೇಕೆಂಬುದನ್ನು ಮೊದಲು ಮಣ್ಣು ಪರೀಕ್ಷೆಯಿಂದ ತಿಳಿಯಿರಿ.