ಮರುಬಳಕೆಯ ಪ್ಲಾಸ್ಟಿಕ್: ಒಲೆಗೂ ಬೇಡ, ಊಟಕ್ಕೂ ಬೇಡ

ಕುರ್ಚಿ, ಬಕೆಟ್ಟು, ನೀರಿನ ಬಾಟಲಿ, ಎಣ್ಣೆಯ ಡಬ್ಬ ಮುಂತಾದ ವಸ್ತುಗಳ ತಳವನ್ನು ತಿರುವಿ ನೋಡಿದರೆ ಮೂರು ಬಾಣಗಳಿಂದಾದ ಒಂದು ತ್ರಿಕೋನವೂ ಅದರ ನಡುವೆ 1ರಿಂದ 7ರವರೆಗಿನ ಒಂದು ಅಂಕಿಯೂ ಕಾಣುತ್ತವೆ. ಇದನ್ನು ಕಂಡ ಅನೇಕರು ‘ಇದು ಮರುಬಳಕೆಯ ಪ್ಲಾಸ್ಟಿಕ್, ಪರಿಸರಕ್ಕೆ ಹಿತ, ಆದ್ದರಿಂದ ದೇಹಕ್ಕೂ ಹಿತ’ ಎಂದು ಭಾವಿಸುತ್ತಾರೆ. ಈ ಭಾವನೆಯಲ್ಲಿ ಎರಡು ದೋಷಗಳಿವೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ರೂಪಿಸಿದ ಆ ಗುರುತು ವಸ್ತುವು ಯಾವ ಜಾತಿಯ ಪ್ಲಾಸ್ಟಿಕ್ಕಿನಿಂದಾದುದು ಎಂಬುದನ್ನಷ್ಟೇ ತಿಳಿಸುತ್ತದೆ. ಅದು ಹಿಂದೆ ಕರಗಿ ಮತ್ತೆ ರೂಪುಗೊಂಡಿದೆ ಎಂದಾಗಲಿ, ಆಹಾರಕ್ಕೆ ಯೋಗ್ಯ ಎಂದಾಗಲಿ ಹೇಳುವುದಿಲ್ಲ. ಎರಡನೆಯದಾಗಿ, ಪರಿಸರಕ್ಕೆ ಉಪಕಾರಿಯಾದ ವಸ್ತು ತನ್ನ ಸ್ಥಾನ ತಪ್ಪಿದರೆ ದೇಹಕ್ಕೆ ಅಪಕಾರಿಯಾಗಬಲ್ಲದು. ಸದ್ಭಕ್ತರು ಈ ವಿವೇಕವನ್ನು ಅಡುಗೆಮನೆಯಲ್ಲಿಯೂ ದಾಸೋಹದಲ್ಲಿಯೂ ಬಳಸಿಕೊಳ್ಳಲೆಂಬುದೇ ಈ ಲೇಖನದ ಉದ್ದೇಶ.

ಒಂದೇ ಪದ, ಎರಡು ಅರ್ಥ

ಕನ್ನಡದಲ್ಲಿ ನಾವು ‘ಮರುಬಳಕೆ’ ಎಂಬ ಒಂದೇ ಪದವನ್ನು ಎರಡು ಬೇರೆ ಬೇರೆ ಕ್ರಿಯೆಗಳಿಗೆ ಬಳಸುತ್ತಿದ್ದೇವೆ. ಖಾಲಿಯಾದ ಡಬ್ಬವನ್ನು ತೊಳೆದು ಅದರಲ್ಲಿ ಬೇರೊಂದನ್ನು ತುಂಬುವುದು ಮೊದಲನೆಯದು. ಹಳೆಯ ಡಬ್ಬವನ್ನು ಪುಡಿಮಾಡಿ, ಕರಗಿಸಿ, ಹೊಸ ವಸ್ತುವನ್ನಾಗಿ ಎರಕಹೊಯ್ಯುವುದು ಎರಡನೆಯದು. ಇದನ್ನು ‘ಮರುಸಂಸ್ಕರಣೆ’ ಎನ್ನುವುದು ಯುಕ್ತ.

ನಮ್ಮ ಉಳವಿ, ಆನವಟ್ಟಿ, ಶಿರಾಳಕೊಪ್ಪದ ಸುತ್ತಿನ ಗ್ರಾಮಗಳಲ್ಲಿ ಮೊದಲನೆಯ ಬಗೆಯಿಂದಲೇ ಹೆಚ್ಚಿನ ಅಪಾಯವಿದೆ. ಶುಂಠಿ, ಭತ್ತ, ಅಡಿಕೆಗೆ ಸಿಂಪಡಿಸಿದ ಔಷಧಿಯ ಕ್ಯಾನು ಗಟ್ಟಿಯಾಗಿದೆಯೆಂದು ಅದನ್ನು ತೊಳೆದು ಗದ್ದೆಗೆ ಕುಡಿಯುವ ನೀರು ಒಯ್ಯುವವರಿದ್ದಾರೆ. ಹಳೆಯ ಫ್ಲೆಕ್ಸ್ ಬ್ಯಾನರನ್ನು ಅಂಗಳದಲ್ಲಿ ಹಾಸಿ ಅದರ ಮೇಲೆ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸುವವರಿದ್ದಾರೆ. ಔಷಧಿಯ ಅಂಶ ಕ್ಯಾನಿನ ಒಳಗೋಡೆಯಲ್ಲಿ ಹೀರಿಕೊಂಡಿರುತ್ತದೆ; ಎಷ್ಟೇ ತೊಳೆದರೂ ಪೂರ್ತಿ ಹೋಗದು. ಫ್ಲೆಕ್ಸ್ ಎಂಬುದು ಪಿವಿಸಿ ಲೇಪಿಸಿದ ಬಟ್ಟೆ. ಅದು ಮೆತ್ತಗಿರಲೆಂದು ಸೇರಿಸಿದ ರಾಸಾಯನಿಕಗಳು ಬಿಸಿಲಿಗೂ ಎಣ್ಣೆಯಂಶಕ್ಕೂ ಹೊರಬರುವ ಸ್ವಭಾವದವು. ಮಿತವ್ಯಯ ಸದ್ಗುಣವೇ ಸರಿ; ಆದರೆ ವಿಷದ ಪಾತ್ರೆಯನ್ನು ಉಳಿಸುವುದು ಮಿತವ್ಯಯವಲ್ಲ.

ಪ್ಲಾಸ್ಟಿಕ್ಕಿನ ಮರುಹುಟ್ಟು

ಪ್ಲಾಸ್ಟಿಕ್ ಹೆಚ್ಚಾಗಿ ಕಲ್ಲೆಣ್ಣೆ ಮತ್ತು ನೈಸರ್ಗಿಕ ಅನಿಲದಿಂದ ತಯಾರಾಗುತ್ತದೆ. ಸಣ್ಣ ಅಣುಗಳನ್ನು ಮಣಿಗಳಂತೆ ಪೋಣಿಸಿ ಉದ್ದನೆಯ ಸರಗಳನ್ನಾಗಿ ಮಾಡಿದರೆ ಪ್ಲಾಸ್ಟಿಕ್ ಆಯಿತು. ಗುಜರಿ ಸೇರಿದ ವಸ್ತುಗಳನ್ನು ಜಾತಿವಾರು ಬೇರ್ಪಡಿಸಿ, ತುಂಡರಿಸಿ, ತೊಳೆದು, ಕರಗಿಸಿ, ಸಣ್ಣ ಕಾಳುಗಳನ್ನಾಗಿ ಮಾಡುವುದು ರೂಢಿಯ ಮರುಸಂಸ್ಕರಣಾ ವಿಧಾನ. ಪ್ರತಿ ಬಾರಿ ಕಾಯಿಸಿದಾಗಲೂ ಆ ಸರಗಳು ಅಲ್ಲಲ್ಲಿ ತುಂಡಾಗುತ್ತವೆ. ವಸ್ತುವಿನ ಬಲ ಕುಂದುತ್ತದೆ. ಬಣ್ಣಗಳು ಬೆರೆತು ಮಸಿಯ ಛಾಯೆ ಬರುವುದರಿಂದ ಅದಕ್ಕೆ ಕಪ್ಪು ಬಣ್ಣ ಸೇರಿಸುವುದು ವಾಡಿಕೆ.

ರಾಸಾಯನಿಕ ಉದ್ಯಮವು ಈಗ ಇನ್ನೊಂದು ದಾರಿಯನ್ನೂ ಹಿಡಿದಿದೆ. ಪೋಣಿಸಿದ ಸರವನ್ನೇ ಬಿಚ್ಚಿ ಮೂಲ ಮಣಿಗಳನ್ನು ಮರಳಿ ಪಡೆಯುವುದು ಆ ದಾರಿ. ನೀರಿನ ಬಾಟಲಿಯ ಪೆಟ್ ಎಂಬ ಪ್ಲಾಸ್ಟಿಕ್ಕನ್ನು ಮೆಥನಾಲ್ ಅಥವಾ ಗ್ಲೈಕಾಲ್ ಸಹಾಯದಿಂದ ಹೀಗೆ ವಿಘಟಿಸಬಹುದು. ಕೈಚೀಲದ ಪಾಲಿಥೀನಿನಂತಹವನ್ನು ಗಾಳಿಯಿಲ್ಲದ ಪಾತ್ರೆಯಲ್ಲಿ ತೀವ್ರವಾಗಿ ಕಾಯಿಸಿ ಎಣ್ಣೆಯಾಗಿಸುವ ವಿಧಾನವೂ ಇದೆ. ಶುದ್ಧಿಯ ದೃಷ್ಟಿಯಿಂದ ಇವು ಮೇಲಾದರೂ ಇಂಧನ ಮತ್ತು ವೆಚ್ಚ ಅಧಿಕ. ಕೊಳಕಾದ, ಬೆರಕೆಯಾದ ಕಸ ಬಂದರೆ ಈ ಯಂತ್ರಗಳೂ ಸೋಲುತ್ತವೆ.

ಈ ಎಲ್ಲ ಪ್ರಯತ್ನಗಳ ಫಲವೆಷ್ಟು? ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2019ರಲ್ಲಿ ಜಗತ್ತು ಬಳಸಿದ ಪ್ಲಾಸ್ಟಿಕ್ ಸುಮಾರು 46 ಕೋಟಿ ಟನ್. ಆ ವರ್ಷದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಸಂಸ್ಕರಣೆಗೊಂಡದ್ದು ನೂರಕ್ಕೆ 9 ಪಾಲು ಮಾತ್ರ. ಈ ಕೊರತೆಯನ್ನು ನೀಗಲೆಂದೇ ಭಾರತ ಸರ್ಕಾರವು 2022ರ ಫೆಬ್ರವರಿಯಲ್ಲಿ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿಯನ್ನು ಹೊರಡಿಸಿತು. ಬಾಟಲಿ, ಡಬ್ಬಗಳಂತಹ ಗಟ್ಟಿ ಪೊಟ್ಟಣಗಳಲ್ಲಿ 2025-26ರಿಂದ ನೂರಕ್ಕೆ 30ರಷ್ಟು, ಕ್ರಮೇಣ 2028-29ಕ್ಕೆ ನೂರಕ್ಕೆ 60ರಷ್ಟು ಮರುಸಂಸ್ಕರಿಸಿದ ಪ್ಲಾಸ್ಟಿಕ್ ಇರಬೇಕೆಂಬ ಗುರಿಯನ್ನು ಅದು ವಿಧಿಸಿತು. ಹೀಗಾಗಿ ಇನ್ನು ಮುಂದೆ ಮರುಸಂಸ್ಕರಿಸಿದ ಪ್ಲಾಸ್ಟಿಕ್ ನಮ್ಮ ಮನೆಗಳಿಗೆ ಹೆಚ್ಚು ಹೆಚ್ಚಾಗಿ ಬರಲಿದೆ. ಅದನ್ನು ಎಲ್ಲಿ ಇರಿಸಬೇಕು, ಎಲ್ಲಿ ಇರಿಸಬಾರದು ಎಂಬ ತಿಳಿವಳಿಕೆ ಅಷ್ಟೇ ಅಗತ್ಯ.

ಪಾತ್ರೆಯೂ ಗುಣವನ್ನು ಕೊಡುತ್ತದೆ

ಆಹಾರದ ಹಿತಾಹಿತವನ್ನು ನಿರ್ಣಯಿಸಲು ಚರಕಸಂಹಿತೆಯ ವಿಮಾನಸ್ಥಾನವು ಎಂಟು ಅಂಶಗಳನ್ನು ಹೇಳಿದೆ. ಅವುಗಳಲ್ಲಿ ‘ಕರಣ’ ಅಥವಾ ಸಂಸ್ಕಾರ ಒಂದು. ಸಂಸ್ಕಾರವೆಂದರೆ ದ್ರವ್ಯದಲ್ಲಿ ಹೊಸ ಗುಣವನ್ನು ಉಂಟುಮಾಡುವುದು. ನೀರು, ಅಗ್ನಿ, ಕಾಲ ಇವುಗಳೊಡನೆ ‘ಭಾಜನ’ವನ್ನು, ಎಂದರೆ ಪಾತ್ರೆಯನ್ನೂ ಚರಕಾಚಾರ್ಯರು ಆ ಪಟ್ಟಿಯಲ್ಲಿ ಸೇರಿಸಿದ್ದಾರೆ. ಕಂಚಿನ ಪಾತ್ರೆಯಲ್ಲಿ ಹತ್ತು ದಿನ ಇರಿಸಿದ ತುಪ್ಪ ವರ್ಜ್ಯವೆಂದು ಅಷ್ಟಾಂಗಹೃದಯ ಹೇಳುತ್ತದೆ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಇಡಬಾರದೆಂಬುದು ಓದು ಬರಹವಿಲ್ಲದ ನಮ್ಮ ಅಜ್ಜಿಯಂದಿರಿಗೂ ತಿಳಿದಿತ್ತು. ಪಾತ್ರೆಯು ಆಹಾರಕ್ಕೆ ತನ್ನ ಗುಣವನ್ನು ಕೊಡುತ್ತದೆ ಎಂಬ ಈ ಸೂತ್ರವನ್ನು ಪ್ಲಾಸ್ಟಿಕ್ಕಿಗೂ ಅನ್ವಯಿಸಿಕೊಂಡರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ.

ಮರುಸಂಸ್ಕರಿಸಿದ ಪ್ಲಾಸ್ಟಿಕ್ಕಿಗೆ ಪೂರ್ವಾಶ್ರಮವಿದೆ. ಅದು ಹಿಂದೆ ಬಣ್ಣದ ಡಬ್ಬವಾಗಿದ್ದಿತೋ, ಟೀವಿಯ ಕವಚವಾಗಿದ್ದಿತೋ, ಫಿನಾಯಿಲ್ ಬಾಟಲಿಯಾಗಿದ್ದಿತೋ ನೋಡಿದವರಿಗೆ ತಿಳಿಯದು. ವಿದ್ಯುತ್ ಉಪಕರಣಗಳ ಕವಚಕ್ಕೆ ಬೆಂಕಿ ಹತ್ತದಿರಲೆಂದು ಬ್ರೋಮಿನ್ ಸಂಯುಕ್ತಗಳನ್ನು ಸೇರಿಸುತ್ತಾರೆ. ಅಂತಹ ಕವಚಗಳು ಕರಗಿ ಮಕ್ಕಳ ಆಟಿಕೆಗಳಲ್ಲಿಯೂ ಕಪ್ಪು ಬಣ್ಣದ ಅಡುಗೆ ಸಲಕರಣೆಗಳಲ್ಲಿಯೂ ಸೇರಿಕೊಂಡಿರುವುದನ್ನು ವಿದೇಶದ ಪರೀಕ್ಷೆಗಳು ತೋರಿಸಿವೆ. ಆದ್ದರಿಂದಲೇ ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರ ನಿಯಮಗಳಲ್ಲಿ ಮರುಸಂಸ್ಕರಿಸಿದ ಪ್ಲಾಸ್ಟಿಕ್ಕಿನಲ್ಲಿ ಆಹಾರವನ್ನು ಕಟ್ಟುವುದನ್ನೂ ಇಡುವುದನ್ನೂ ನಿಷೇಧಿಸಿತು. ಆ ಬಳಿಕ ಪೆಟ್ ಒಂದಕ್ಕೆ, ಅದೂ ನಿಗದಿತ ವಿಧಾನದಲ್ಲಿ ಶುದ್ಧೀಕರಿಸಿ ಪರೀಕ್ಷೆಗೆ ಒಳಪಡಿಸಿದರೆ ಮಾತ್ರ, ಅವಕಾಶ ದೊರೆತಿದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕಪ್ಪು ಬಕೆಟ್ಟು ಅಥವಾ ವಾಸನೆ ಬರುವ ತೆಳು ಚೀಲ ಅಂತಹ ಪರೀಕ್ಷೆಯನ್ನು ದಾಟಿ ಬಂದಿದೆಯೆಂದು ಭಾವಿಸುವಂತಿಲ್ಲ.

ಹೊಸ ಪ್ಲಾಸ್ಟಿಕ್ ನಿರ್ದೋಷಿಯೆಂದು ಇದರ ಅರ್ಥವಲ್ಲ. ಕಾಗದದ ಲೋಟದ ಒಳಗೂ ಪ್ಲಾಸ್ಟಿಕ್ಕಿನ ತೆಳುಪದರವಿದೆ. ಖರಗ್‌ಪುರದ ಐಐಟಿ ಸಂಶೋಧಕರು ಅಂತಹ ಲೋಟದಲ್ಲಿ 100 ಮಿಲಿ ಲೀಟರ್ ಬಿಸಿನೀರನ್ನು 15 ನಿಮಿಷ ಇರಿಸಿದಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರಿದ್ದವು. 2024ರಲ್ಲಿ ಇಟಲಿಯ ವೈದ್ಯರು ಕತ್ತಿನ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾದ 257 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ 150 ಮಂದಿಯ ನಾಳದಿಂದ ತೆಗೆದ ಜಿಡ್ಡಿನಲ್ಲಿ ಪಾಲಿಥೀನ್ ಕಂಡಿತು. ಪ್ಲಾಸ್ಟಿಕ್ ಕಣಗಳಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಸಾವಿನ ಸಂಭವ ಉಳಿದವರಿಗಿಂತ ನಾಲ್ಕು ಪಟ್ಟಿಗೂ ಅಧಿಕವಾಗಿತ್ತು. ಪ್ಲಾಸ್ಟಿಕ್ಕೇ ಕಾರಣವೆಂದು ಈ ಒಂದು ಅಧ್ಯಯನ ಸಿದ್ಧಪಡಿಸುವುದಿಲ್ಲ; ಎಚ್ಚರಿಕೆಗೆ ಇಷ್ಟು ಸಾಕು.

ಸುಶ್ರುತಾಚಾರ್ಯರು ಕಲ್ಪಸ್ಥಾನದಲ್ಲಿ ‘ದೂಷೀವಿಷ’ವನ್ನು ವರ್ಣಿಸಿದ್ದಾರೆ. ಒಡನೆಯೇ ಕೊಲ್ಲುವ ಶಕ್ತಿಯಿಲ್ಲದೆ, ಕಫದಿಂದ ಆವೃತವಾಗಿ ವರ್ಷಗಟ್ಟಲೆ ದೇಹದಲ್ಲಿ ನಿಂತು, ದೇಶ, ಕಾಲ, ಆಹಾರಗಳ ವೈಷಮ್ಯ ಒದಗಿದಾಗ ಧಾತುಗಳನ್ನು ಕೆಡಿಸುವ ಮಂದವಿಷವಿದು. ಪ್ಲಾಸ್ಟಿಕ್ ಅಂದು ಇರಲಿಲ್ಲ. ಆದರೆ ಅಲ್ಪ ಪ್ರಮಾಣದಲ್ಲಿ ಒಳಸೇರಿ ದೀರ್ಘಕಾಲ ನಿಲ್ಲುವ ದ್ರವ್ಯಗಳನ್ನು ಅರಿಯಲು ಈ ಪರಿಕಲ್ಪನೆ ಒಳ್ಳೆಯ ದೀವಿಗೆ. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ದೇಹದಿಂದ ಪ್ಲಾಸ್ಟಿಕ್ಕನ್ನು ಹೊರಹಾಕುತ್ತೇವೆಂದು ಚೂರ್ಣ, ಕಷಾಯಗಳನ್ನು ಮಾರುವವರಿಗೆ ಮರುಳಾಗಬೇಡಿ. ಹಾಗೆಂದು ಸಿದ್ಧಪಟ್ಟ ಔಷಧಿಯಿಲ್ಲ. ಆಯುರ್ವೇದದಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ ನಿದಾನಪರಿವರ್ಜನ, ಎಂದರೆ ಕಾರಣವನ್ನು ದೂರವಿಡುವುದು.

ಒಲೆಗೆ ಹಾಕಿದರೆ

ಮಳೆಗಾಲದಲ್ಲಿ ಹಸಿ ಸೌದೆ ಹತ್ತದಿದ್ದಾಗ ಬಚ್ಚಲ ಒಲೆಗೆ ಒಂದು ಪ್ಲಾಸ್ಟಿಕ್ ಕೊಟ್ಟೆಯನ್ನು ತುರುಕಿ ಬೆಂಕಿ ಹಚ್ಚುವ ರೂಢಿ ನಮ್ಮ ಮಲೆನಾಡಿನ ಸೆರಗಿನಲ್ಲಿ ಮನೆಮನೆಗೂ ಬಂದಿದೆ. ಕೊಟ್ಟೆ ಕಣ್ಣಿಗೆ ಕಾಣದಂತಾಗುತ್ತದೆ, ಕಸ ಕಳೆಯಿತೆಂದು ಸಮಾಧಾನವಾಗುತ್ತದೆ. ಆದರೆ ಅದು ಹೊಗೆಯಾಗಿ ಮೊದಲು ಸೇರುವುದು ಒಲೆಯ ಮುಂದೆ ಕುಳಿತ ತಾಯಿಯ ಶ್ವಾಸಕೋಶವನ್ನು, ಅವಳ ಮಡಿಲಿನ ಕೂಸಿನ ಶ್ವಾಸಕೋಶವನ್ನು. ಪಿವಿಸಿ ಪೈಪು, ವೈರು, ಫ್ಲೆಕ್ಸಿನಂತಹ ಕ್ಲೋರಿನ್ ಇರುವ ಪ್ಲಾಸ್ಟಿಕ್ಕುಗಳು ಮಂದ ಉರಿಯಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ಉಗ್ರ ವಿಷಗಳು ಹುಟ್ಟುತ್ತವೆ. ಇವುಗಳನ್ನು ನಿಗ್ರಹಿಸಲೆಂದೇ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಏರ್ಪಟ್ಟಿತು. ಡಯಾಕ್ಸಿನ್ ಹುಲ್ಲಿನ ಮೇಲೆ ಕೂರುತ್ತದೆ, ದನದ ಕೊಬ್ಬಿನಲ್ಲಿ ಸೇರುತ್ತದೆ, ಹಾಲು ತುಪ್ಪದ ಮೂಲಕ ನಮಗೇ ಮರಳುತ್ತದೆ. ಉಳಿದ ಬೂದಿಯಿಂದ ಪಾತ್ರೆ ತಿಕ್ಕುತ್ತೇವೆ. ಅದನ್ನೇ ಬದನೆ, ಬೆಂಡೆಯ ಬುಡಕ್ಕೆ ಹಾಕುತ್ತೇವೆ. ಕಸವು ಮನೆಯಿಂದ ಹೋಗಲಿಲ್ಲ, ರೂಪ ಬದಲಿಸಿ ಮನೆಯೊಳಗೇ ಉಳಿಯಿತು.

ಅದರ ಯೋಗ್ಯ ಸ್ಥಾನ

ಮರುಸಂಸ್ಕರಿಸಿದ ಪ್ಲಾಸ್ಟಿಕ್ಕಿಗೆ ಯೋಗ್ಯ ಸ್ಥಾನಗಳು ಬೇಕಾದಷ್ಟಿವೆ: ಒಳಚರಂಡಿಯ ಪೈಪು, ಹೂಕುಂಡ, ಕುರ್ಚಿ, ಕಸದ ಬುಟ್ಟಿ, ಬಟ್ಟೆಯ ನೂಲು. ರಸ್ತೆಯೂ ಅಂತಹದೊಂದು ಸ್ಥಾನ. ಮದುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರೊ. ಆರ್. ವಾಸುದೇವನ್ ಅವರು ತ್ಯಾಜ್ಯ ಪ್ಲಾಸ್ಟಿಕ್ಕನ್ನು ಬಿಸಿ ಜಲ್ಲಿಯ ಮೇಲೆ ಲೇಪಿಸಿ ಡಾಂಬರಿನೊಡನೆ ಬೆರೆಸುವ ವಿಧಾನವನ್ನು ರೂಪಿಸಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಬೆಂಗಳೂರಿನಲ್ಲಿಯೂ ಕೆ.ಕೆ. ಪ್ಲಾಸ್ಟಿಕ್ ವೇಸ್ಟ್ ಮ್ಯಾನೇಜ್‌ಮೆಂಟ್ ಸಂಸ್ಥೆಯು ಈ ಶತಮಾನದ ಆರಂಭದಲ್ಲಿಯೇ ಇಂತಹ ರಸ್ತೆಗಳನ್ನು ಮಾಡಿ ತೋರಿಸಿತು. ಇಲ್ಲಿಯೂ ಪಿವಿಸಿಗೆ ಪ್ರವೇಶವಿಲ್ಲ. ಕಾಯಿಸಿದರೆ ಅದು ವಿಷಾನಿಲ ಬಿಡುತ್ತದೆ. ಆದ್ದರಿಂದ ಜಾತಿವಾರು ಬೇರ್ಪಡಿಸುವುದೇ ಎಲ್ಲದರ ಬುನಾದಿ. ಮನೆಯಲ್ಲಿ ಒಣಗಿದ್ದು, ಶುಚಿಯಾದದ್ದು ಬೇರೆ ಇದ್ದರೆ ಮಾತ್ರ ಮುಂದಿನ ಯಂತ್ರಕ್ಕೆ ಕೆಲಸ. ಅನ್ನ ಸಾರು ಮೆತ್ತಿದ ಕೊಟ್ಟೆ ಯಾವ ಕಾರ್ಖಾನೆಗೂ ಬೇಡ.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು

1. ಬಿಸಿಯಾದ, ಹುಳಿಯಾದ, ಎಣ್ಣೆಯುಳ್ಳ ಪದಾರ್ಥವನ್ನು ಯಾವುದೇ ಪ್ಲಾಸ್ಟಿಕ್ಕಿನಲ್ಲಿ ಹಾಕಬೇಡಿ. ಉಪ್ಪಿನಕಾಯಿಗೆ ಗಾಜು ಅಥವಾ ಜಾಡಿ, ತುಪ್ಪಕ್ಕೆ ಗಾಜು ಅಥವಾ ಸ್ಟೀಲು ಇರಲಿ. ಹೋಟೆಲಿನಿಂದ ಸಾಂಬಾರು ತರುವಾಗ ತೂಕುಪಾತ್ರೆ ಒಯ್ಯಿರಿ.

2. ಕಪ್ಪು ಬಣ್ಣದ ಅಥವಾ ಗಾಢ ವಾಸನೆಯ ಬಕೆಟ್ಟು, ಮಗ್ಗುಗಳನ್ನು ಬಚ್ಚಲು, ಕೊಟ್ಟಿಗೆಯ ಕೆಲಸಕ್ಕೆ ಮಾತ್ರ ಬಳಸಿ. ಅಕ್ಕಿ, ಹಿಟ್ಟು, ಕುಡಿಯುವ ನೀರನ್ನು ಅವುಗಳಲ್ಲಿ ಇಡಬೇಡಿ.

3. ಔಷಧಿಯ ಖಾಲಿ ಡಬ್ಬಿಯನ್ನು ಮೂರು ಬಾರಿ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಮಾಡಿಡಿ. ಹಳ್ಳ ಕೆರೆಗಳಲ್ಲಿ ತೊಳೆದರೆ ಆ ವಿಷ ದಂಡಾವತಿಗೆ, ಅಲ್ಲಿಂದ ವರದೆಗೆ ಹರಿಯುತ್ತದೆ.

4. ಒಲೆ ಹಚ್ಚಲು ತೆಂಗಿನ ಗರಿ, ಒಣಗಿದ ಅಡಿಕೆ ಸಿಪ್ಪೆಗಳನ್ನು ಬೇಸಿಗೆಯಲ್ಲಿಯೇ ಕೂಡಿಟ್ಟುಕೊಳ್ಳಿ.

5. ಹಾಲಿನ ಕವರು, ಬಾಟಲಿ ಮುಂತಾದವನ್ನು ತೊಳೆದು ಒಣಗಿಸಿ ಒಂದು ಚೀಲದಲ್ಲಿ ತುಂಬಿ, ಗುಜರಿಯವರಿಗೋ ಪಂಚಾಯತಿಯ ಸ್ವಚ್ಛ ವಾಹಿನಿಗೋ ಕೊಡಿ. ತಿಪ್ಪೆಗೆ ಎಸೆದರೆ ದನ ತಿನ್ನುತ್ತದೆ. ಹೊಟ್ಟೆ ಸೇರಿದ ಕೊಟ್ಟೆ ಸಗಣಿಯಾಗಿ ಹೊರಬರದು.

ದಾಸೋಹ ಮತ್ತು ಕಾಯಕ

ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸುಗಳನ್ನು ನಿಷೇಧಿಸಿದೆ. ಆದರೂ ಜಾತ್ರೆ, ಮದುವೆ, ಗೃಹಪ್ರವೇಶಗಳ ಮರುದಿನ ಬಯಲನ್ನು ನೋಡಿದರೆ ನಿಷೇಧ ಕಾಗದದಲ್ಲಿಯೇ ಉಳಿದಂತೆ ತೋರುತ್ತದೆ. ದಾಸೋಹವೆಂದರೆ ಹಸಿದವರಿಗೆ ಹಿತವಾದ ಅನ್ನವನ್ನು ನೀಡುವುದು. ಅದೇ ಅನ್ನದೊಡನೆ ಪ್ಲಾಸ್ಟಿಕ್ ಕಣವನ್ನೂ ಬಡಿಸಿದರೆ ದಾಸೋಹ ಅಪೂರ್ಣ. ಬಾಳೆಲೆ, ಮುತ್ತುಗದ ಎಲೆ, ಸ್ಟೀಲಿನ ಲೋಟ ನಮಗೇನೂ ಹೊಸತಲ್ಲ. ಊರಿಗೊಂದು ಸ್ಟೀಲಿನ ಪಾತ್ರೆಗಳ ಸಂಗ್ರಹವನ್ನು ಮಹಿಳಾ ಸಂಘದವರ ಕೈಗೆ ಒಪ್ಪಿಸಿ, ಸಮಾರಂಭಗಳಿಗೆ ಅಲ್ಪ ಬಾಡಿಗೆಗೆ ಕೊಟ್ಟರೆ ಸಾವಿರಾರು ಲೋಟಗಳು ತಿಪ್ಪೆಗೆ ಬೀಳುವುದು ತಪ್ಪುತ್ತದೆ.

ನಮ್ಮದು ಬಳ್ಳಿಗಾವಿಯ ಅಲ್ಲಮಪ್ರಭುಗಳ, ಉಡುತಡಿಯ ಅಕ್ಕಮಹಾದೇವಿಯವರ ನೆಲ. ಇದೇ ನೆಲದ ಹಿರೇಜಂಬೂರಿನ ಶರಣೆ ಸತ್ಯಕ್ಕ ಭಕ್ತರ ಮನೆಯಂಗಳದ ಕಸ ಗುಡಿಸುವುದನ್ನೇ ಕಾಯಕವಾಗಿ ಸ್ವೀಕರಿಸಿದವರು. ಇಂದು ಸ್ವಚ್ಛ ವಾಹಿನಿಯನ್ನು ನಡೆಸುವ, ಗುಜರಿಯಲ್ಲಿ ಕುಳಿತು ಪ್ಲಾಸ್ಟಿಕ್ ಬೇರ್ಪಡಿಸುವ ತಾಯಂದಿರು ಮಾಡುತ್ತಿರುವುದೂ ಅದೇ ಕಾಯಕ. ನಾವು ಬೆರಕೆ ಮಾಡಿ ಎಸೆದ ಕೊಳಕನ್ನು ಅವರು ಬರಿಗೈಯಿಂದ ಆರಿಸಬೇಕಾಗುತ್ತದೆ. ಗಾಜಿನ ಚೂರು, ಬಳಸಿದ ಸೂಜಿ ಅವರ ಕೈಗೆ ಚುಚ್ಚುತ್ತವೆ. ಒಣಕಸವನ್ನು ತೊಳೆದು ಬೇರೆ ಇಡಲು ದಿನಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷ ಅವರ ಕೈಯನ್ನೂ ನಮ್ಮ ಉಸಿರನ್ನೂ ಕಾಯುತ್ತದೆ.